ಜಾವಾಸ್ಕ್ರಿಪ್ಟ್‌ನಲ್ಲಿ ಕನ್ನಡ ಹೆಸರಿಗೆ ತಡೆಯಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಶಿಕ್ಷಣ ಪುರವಣಿಯ ಜಾವಾಸ್ಕ್ರಿಪ್ಟ್ ಪಾಠದಲ್ಲಿ, ವೇರಿಯಬಲ್ (ಬೆಲೆಯನ್ನು ಹಿಡಿದಿಡುವ ಹೆಸರು) ಹಾಗೂ ಪ್ರಾಪರ್ಟಿಗಳಿಗೆ (ಒಂದು ವಸ್ತುವಿನೊಳಗಿನ ಒಂದೊಂದು ಮಾಹಿತಿ) ಇಂಗ್ಲಿಷ್ ಅಕ್ಷರಗಳಲ್ಲೇ ಹೆಸರಿಡಬೇಕು ಎಂದು ಅಚ್ಚಾಗಿದೆ. ಇದು ತಪ್ಪು. 1999ರ ಎಕ್ಮಾಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟಿನ ಅಧಿಕೃತ ಮಾನದಂಡ) ಮೂರನೇ ಆವೃತ್ತಿಯಿಂದಲೇ ಯೂನಿಕೋಡ್ ಅಕ್ಷರಗಳಿಗೆ, ಅಂದರೆ ಕನ್ನಡವೂ ಸೇರಿ ಬೇರೆ ಲಿಪಿಗಳ ಅಕ್ಷರಗಳಿಗೆ, ಅವಕಾಶವಿದೆ. ವಿದ್ಯಾರ್ಥಿ.ಹೆಸರು ಎಂದು ಬರೆದರೆ ಇಂದಿನ ಯಾವ ಬ್ರೌಸರೂ ತಕರಾರು ಮಾಡುವುದಿಲ್ಲ. ಹಳ್ಳಿ ಶಾಲೆಯ ಮಕ್ಕಳು ಮೊದಲ ಪಾಠವನ್ನೇ ಈ ತಪ್ಪು ತಿಳಿವಳಿಕೆಯಿಂದ ಆರಂಭಿಸಬಾರದು.

ಇರುವ ನಿಯಮ ಇಷ್ಟೇ: ಹೆಸರು ಅಕ್ಷರ, ಅಂಡರ್‌ಸ್ಕೋರ್ (_) ಅಥವಾ ಡಾಲರ್ ($) ಚಿಹ್ನೆಯಿಂದ ಶುರುವಾಗಬೇಕು. ಅಂಕಿ ಆಮೇಲೆ ಬರಬಹುದು. ಕನ್ನಡ ಅಂಕಿಗಳಿಗೂ ಇದೇ ಅನ್ವಯ. ಅಂಕ೧ ಸರಿ, ೧ಅಂಕ ತಪ್ಪು. ಇಂಗ್ಲಿಷಿನಲ್ಲಿ ಎರಡನೇ ಪದವನ್ನು ದೊಡ್ಡಕ್ಷರದಿಂದ ಶುರುಮಾಡಿ ಪದ ಕೂಡಿಸುವುದುಂಟು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದ್ದರಿಂದ ಎರಡು ಪದ ಕೂಡಿಸಲು ಅಂಡರ್‌ಸ್ಕೋರ್ ಬಳಸುವುದೇ ಲೇಸು: ತಂದೆಯ_ಹೆಸರು.

ಅಡ್ಡಗೆರೆ ಮಾತ್ರ ಬೇಡ. ವಿದ್ಯಾರ್ಥಿ.ಜನ್ಮ-ದಿನಾಂಕ ಎಂದರೆ ಜನ್ಮ ಎಂಬ ಪ್ರಾಪರ್ಟಿಯಿಂದ ದಿನಾಂಕ ಎಂಬ ವೇರಿಯಬಲ್ಲನ್ನು ಕಳೆ ಎಂದರ್ಥವಾಗುತ್ತದೆ. ಆ ವೇರಿಯಬಲ್ ಇಲ್ಲದಿದ್ದರೆ ದೋಷ ಕಾಣಿಸುತ್ತದೆ, ಪತ್ತೆ ಸುಲಭ. ಇದ್ದರೆ ಸದ್ದಿಲ್ಲದೆ ತಪ್ಪು ಉತ್ತರ ಬರುತ್ತದೆ. ಅಡ್ಡಗೆರೆ, ಖಾಲಿ ಜಾಗ ಇರುವ ಹೆಸರು ಬೇಕೇಬೇಕೆಂದರೆ ಚೌಕ ಆವರಣದೊಳಗೆ ಉದ್ಧರಣ ಚಿಹ್ನೆ ಹಾಕಿ ಬರೆಯಬೇಕು: ವಿದ್ಯಾರ್ಥಿ["ಜನ್ಮ-ದಿನಾಂಕ"].

ಆ ಉದ್ಧರಣ ಚಿಹ್ನೆಯೇ ಕಲಿಯುವವರನ್ನು ಹೆಚ್ಚು ಎಡವಿಸುವುದು. ವಿಷಯ ಎಂಬ ವೇರಿಯಬಲ್ಲಿನಲ್ಲಿ "ಗಣಿತ" ಇದೆ ಎನ್ನೋಣ. ಅಂಕಗಳು[ವಿಷಯ] ಗಣಿತದ ಅಂಕ ಕೊಡುತ್ತದೆ. ಅಂಕಗಳು["ವಿಷಯ"] ಮತ್ತು ಅಂಕಗಳು.ವಿಷಯ ಎರಡೂ ವಿಷಯ ಎಂಬ ಹೆಸರಿನ ಪ್ರಾಪರ್ಟಿಯನ್ನೇ ಹುಡುಕುತ್ತವೆ. ಅದು ಇಲ್ಲದಿದ್ದರೆ ದೋಷ ತೋರಿಸುವುದಿಲ್ಲ, ಅನ್‌ಡಿಫೈನ್ಡ್ (ಬೆಲೆಯೇ ಇಲ್ಲ) ಎಂಬ ಬೆಲೆ ಕೊಟ್ಟು ಸುಮ್ಮನಾಗುತ್ತದೆ. ಪ್ರೋಗ್ರಾಂ ನಿಲ್ಲುವುದು ಅದರ ಮುಂದೆ ಇನ್ನೊಂದು ಚುಕ್ಕಿ ಇಟ್ಟಾಗ. ವಿದ್ಯಾರ್ಥಿ.ವಿಳಾಸ?.ಊರು ಎಂದು ಪ್ರಶ್ನಾರ್ಥಕ ಸೇರಿಸಿ ಇದನ್ನು ತಪ್ಪಿಸುವ ದಾರಿ 2020ರ ಆವೃತ್ತಿಯಲ್ಲಿ ಬಂತು. ವಿಳಾಸ ಇಲ್ಲದಿರುವುದು ಸಹಜ ಎನ್ನುವ ಕಡೆ ಮಾತ್ರ ಬಳಸಬೇಕು. ಎಲ್ಲ ಕಡೆ ಸೇರಿಸಿದರೆ ಕಾಗುಣಿತದ ತಪ್ಪುಗಳೂ ಮುಚ್ಚಿಹೋಗುತ್ತವೆ.

ಕನ್ನಡದಲ್ಲಿ ಹೆಸರಿಡುವವರು ಎಚ್ಚರ ವಹಿಸಬೇಕಾದ್ದು ಬೇರೆಡೆ. ಅರ್ಧಾಕ್ಷರದಿಂದ ಮುಗಿಯುವ ಪದದ ಕೊನೆಗೆ ಕೆಲವು ಟೈಪಿಂಗ್ ತಂತ್ರಾಂಶಗಳು, ಹಳೆ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತವೆ. ಅದರ ಯೂನಿಕೋಡ್ ಹೆಸರು ಜೀರೋ ವಿಡ್ತ್ ನಾನ್ ಜಾಯಿನರ್. ಹೆಸರಿನೊಳಗೆ ಅದಕ್ಕೆ ಅನುಮತಿಯೂ ಇದೆ. ಹಾಗಾಗಿ ‘ಫೋನ್’ ಎಂಬ ಎರಡು ಪದಗಳು ಪರದೆಯ ಮೇಲೆ ಒಂದೇ ಥರ ಕಂಡರೂ ಒಂದರ ಉದ್ದ ಸಂಕೇತಗಳ ಲೆಕ್ಕದಲ್ಲಿ 4, ಇನ್ನೊಂದರದು 5. ಜಾವಾಸ್ಕ್ರಿಪ್ಟ್‌ಗೆ ಅವು ಬೇರೆ ಬೇರೆ ಪ್ರಾಪರ್ಟಿಗಳು. ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳಾಗಿಯೂ ಬರೆಯಬಹುದಾದ್ದರಿಂದ ಅಲ್ಲೂ ಇದೇ ಪಾಡು. ಹೊರಗಿನಿಂದ ಬಂದ ಪಟ್ಟಿಯ ಹೆಸರುಗಳನ್ನು ಬಳಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ ನಾರ್ಮಲೈಸ್ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತ ರೂಪಗಳನ್ನು ಒಂದೇ ರೂಪಕ್ಕೆ ತನ್ನಿ. ಕಾಣದ ಸಂಕೇತ ಅದರಿಂದ ಹೋಗದು, ತುದಿಯ ಖಾಲಿ ಜಾಗ ತೆಗೆಯುವ ಟ್ರಿಮ್‌ನಿಂದಲೂ ಹೋಗದು. ಪದದ ಕೊನೆಯಲ್ಲಿದ್ದರೆ ಪ್ರತ್ಯೇಕವಾಗಿ ಅಳಿಸಬೇಕು. ನಡುವೆ ಇದ್ದದ್ದನ್ನು ಅಳಿಸಿದರೆ ಅಕ್ಷರಗಳು ಒತ್ತಾಗಿ ಬರಹವೇ ಬದಲಾಗುತ್ತದೆ.

ಪಾಠಕ್ಕೆ ತಿದ್ದುಪಡಿ ಪ್ರಕಟಿಸುವಿರೆಂದು ನಂಬಿದ್ದೇನೆ. ಜೊತೆಗೆ ಇನ್ನೊಂದು ಕೋರಿಕೆ: ಪುಟ ಕಟ್ಟುವಾಗ ಕೋಡ್‌ನಲ್ಲಿರುವ ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿವೆ. ಇ-ಪತ್ರಿಕೆಯಿಂದ ನಕಲು ಮಾಡಿದ ವಿದ್ಯಾರ್ಥಿಗೆ ಮೊದಲ ಸಾಲಿನಲ್ಲೇ ಸಿಂಟ್ಯಾಕ್ಸ್ ದೋಷ ಬರುತ್ತದೆ. ಆ ಭಾಗಕ್ಕಾದರೂ ತಂತಾನೇ ತಿದ್ದುವ ಸೌಲಭ್ಯವನ್ನು ನಿಲ್ಲಿಸಲು ಪುಟ ವಿನ್ಯಾಸಕರಿಗೆ ದಯವಿಟ್ಟು ತಿಳಿಸಿ.

– ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕಿ, ಹಾಸನ