ನಮ್ಮೂರಿನ ಬಸ್ಸಿಗೂ ‘ಶಕ್ತಿ’ ಬೇಕು

ಸಂಪಾದಕರೇ,

ಸಿರುಗುಪ್ಪ ಕಡೆಯ ನಮ್ಮ ಹಳ್ಳಿಗೆ ಬರುವುದು ಒಂದೇ ಮನೆಯವರ ಬಸ್ಸುಗಳು. ಮೊದಲು ಆ ಮನೆಯ ಅಪ್ಪನ ಹತ್ತಿರ ಇದ್ದದ್ದು ಒಂದು ಹಳೇ ಬಸ್ಸು. ಸ್ಟೇರಿಂಗ್ ಅವರದು, ಟಿಕೆಟ್ ತಮ್ಮನದು. ಮಕ್ಕಳ ಕಾಲಕ್ಕೆ ಆರಾಗಿವೆ. ಬಳ್ಳಾರಿಯಿಂದ ಔಷಧಿ ತರುತ್ತಾರೆ, ಹಾಸ್ಟೆಲ್ ಮಕ್ಕಳಿಗೆ ಬುತ್ತಿ ಮುಟ್ಟಿಸುತ್ತಾರೆ. ಭತ್ತದ ನಾಟಿ ಸಮಯದಲ್ಲಿ ಕೂಲಿಯವರನ್ನು ಹೊಲದ ಹತ್ತಿರವೇ ಇಳಿಸುತ್ತಾರೆ. ಸುಮ್ನೆ ಬೆಳೆದವರಲ್ಲ ಅವರು.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ತುಂಬಾ ಒಳ್ಳೆಯ ಯೋಜನೆ. ಬಳ್ಳಾರಿಯಲ್ಲಿರುವ ನನ್ನ ತಂಗಿಗೆ ಎಷ್ಟೋ ದುಡ್ಡು ಉಳಿದಿದೆ. ಆದರೆ ಸರ್ಕಾರಿ ಬಸ್ಸೇ ಬಾರದ ನಮ್ಮೂರಲ್ಲಿ ಕೂಲಿಗೆ ಹೋಗುವ ಅಕ್ಕಂದಿರು ಈಗಲೂ ಪೂರ್ತಿ ಟಿಕೆಟ್ ತೆಗೆಸುತ್ತಾರೆ. ಇದು ಸರಿಯಲ್ಲ, ಅಲ್ವಾ? ಇಂಥ ಮಾರ್ಗಗಳಲ್ಲಿ ಖಾಸಗಿ ಬಸ್ಸಿನವರಿಗೆ ಆ ಟಿಕೆಟ್ ಹಣವನ್ನು ಸರ್ಕಾರವೇ ಕೊಡಲಿ.

– ಒಬ್ಬ ಪ್ರಯಾಣಿಕ, ಸಿರುಗುಪ್ಪ ತಾಲ್ಲೂಕು