ಮಗಳಿಗೊಂದು ಪತ್ರ: ಮಳೆಗಾಲಕ್ಕೆ ಮೂರು ಪುಸ್ತಕ

ಮೂಡಿಗೆರೆ

ಪ್ರೀತಿಯ ಪುಟ್ಟಿ,

ಕರೆಂಟು ಹೋಗಿ ಇವತ್ತಿಗೆ ಮೂರು ದಿನ. ಮಳೆ ಬಿಡುವೇ ಕೊಟ್ಟಿಲ್ಲ. ಅಜ್ಜ ಒಲೆ ಮುಂದೆ ಕೂತು ಹಲಸಿನ ಬೀಜ ಸುಡ್ತಿದ್ದಾರೆ, ನಾನು ಅದೇ ಬೆಳಕಲ್ಲಿ ಬರೀತಿದೀನಿ.

ಏಳನೇ ಕ್ಲಾಸಿಗೆ ಬಂದವಳು ಇನ್ನೂ ಕಟ್ಟುಕಥೆ ಓದ್ತೀಯಾ ಅಂತ ಹಾಸ್ಟೆಲಲ್ಲಿ ಯಾರೋ ಕೇಳಿದರು ಅಂದೆಯಲ್ಲ, ಆ ಮಾತು ಮೊನ್ನೆಯಿಂದ ತಲೆಯಲ್ಲೇ ಇದೆ. ಓದು ಮಗಳೇ. ಓದೋ ವಯಸ್ಸೇ ಇದು.

ಮೊದಲು ತೇಜಸ್ವಿಯವರ ‘ಕರ್ವಾಲೊ’. 1980ರದ್ದು, ನಮ್ಮ ಮೂಡಿಗೆರೆಯದೇ ಕಥೆ. ಒಬ್ಬ ವಿಜ್ಞಾನಿ, ಜೇನು ಸಾಕುವ ಮಂದಣ್ಣ, ಇನ್ನೂ ಕೆಲವರು ಸೇರಿ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗ್ತಾರೆ. ಹೋದ ಬೇಸಿಗೆ ಅಡಿಕೆ ಮರದಲ್ಲಿ ನಾವಿಬ್ಬರೂ ನೋಡಿದ್ವಲ್ಲ, ನೆನಪಿದೆಯಾ? ತೊಗಟೆಗೆ ಅಂಟಿಕೊಂಡು, ಮರದ್ದೇ ಬಣ್ಣ. ಗಂಟಲ ಕೆಳಗಿನ ಹಳದಿ ಚರ್ಮ ಒಮ್ಮೆ ಚಾಚಿ ಮಡಚಿತು ಅಂತ ಕಣ್ಣಿಗೆ ಬಿತ್ತು. ಆಮೇಲೆ ಪಕ್ಕೆಯ ಚರ್ಮ ಕೊಡೆ ಹಾಗೆ ಬಿಚ್ಚಿ ಆಚೆ ಮರಕ್ಕೆ ತೇಲಿಹೋಯ್ತು. ನೀನು ಉಸಿರು ಬಿಗಿಹಿಡಿದು ನನ್ನ ಕೈ ಚಿವುಟಿದ್ದೆ. ಪುಸ್ತಕದ ಪೂರ್ತಿ ಹಾಗೇ ಇರುತ್ತೆ. ಕೊನೇ ಪುಟ ಮಾತ್ರ ಮೊದಲೇ ತಿರುವಿ ನೋಡಬೇಡ.

ಟೋಲ್ಕಿನ್ ಬರೆದ ‘ಹಾಬಿಟ್’ ಆಮೇಲೆ ಓದು. ಆಕ್ಸ್‌ಫರ್ಡಿನ ಪ್ರೊಫೆಸರ್ ಅವರು. 1937ರಲ್ಲಿ ಅದು ಅಚ್ಚಾಗುವ ಮುಂಚೆ, ಚೆನ್ನಾಗಿದೆಯೋ ಇಲ್ಲವೋ ಅಂತ ಓದಿ ಹೇಳಿದವನು ಪ್ರಕಾಶಕರ ಹತ್ತು ವರ್ಷದ ಮಗ. ಅವನಿಗೆ ಸಿಕ್ಕ ಕೂಲಿ ಒಂದು ಶಿಲ್ಲಿಂಗ್. ಐದರಿಂದ ಒಂಬತ್ತು ವರ್ಷದವರಿಗೆ ಇಷ್ಟ ಆಗುತ್ತೆ ಅಂತ ಬರೆದಿದ್ದ. ಅದೊಂದು ಮಾತು ನಾನು ಒಪ್ಪಲ್ಲ. ನಲವತ್ತಕ್ಕೆ ಓದಿ ನಾನೇ ನಿದ್ದೆಗೆಟ್ಟಿದ್ದೇನೆ.

ಆದರೆ ನನ್ನ ಜೀವ ಇರೋದು ‘ಟ್ರೆಷರ್ ಐಲೆಂಡ್’ ಮೇಲೆ. ಅದು ಹುಟ್ಟಿದ್ದೂ ಮಳೆಯಲ್ಲೇ. 1881ರಲ್ಲಿ ಸ್ಟೀವನ್‌ಸನ್ ಸ್ಕಾಟ್ಲೆಂಡಿನ ಬೆಟ್ಟದ ಊರೊಂದರಲ್ಲಿ ಮನೆಯವರ ಜೊತೆ ಮಳೆಗೆ ಸಿಕ್ಕಿಹಾಕಿಕೊಂಡಿದ್ದರು. ಹೊತ್ತು ಕಳೆಯೋಕೆ ಹೆಂಡತಿಯ ಮಗನ ಜೊತೆ ಬಣ್ಣ ಹಚ್ಚುತ್ತಾ ಒಂದು ದ್ವೀಪದ ನಕ್ಷೆ ಬರೆದರು. ನಕ್ಷೆ ನೋಡ್ತಾ ನೋಡ್ತಾ ಕಥೆ ಬಂತು. ಬರೆದಷ್ಟನ್ನೂ ದಿನಾ ಮನೆಯವರಿಗೆ ಓದಿ ಹೇಳ್ತಿದ್ದರು. ಅವರ ವಯಸ್ಸಾದ ಅಪ್ಪನಿಗೂ ಹುಚ್ಚು ಹಿಡಿದು, ಸತ್ತ ನಾವಿಕನ ಪೆಟ್ಟಿಗೆಯಲ್ಲಿ ಏನೇನಿರಬೇಕು ಅಂತ ಕೂತು ಪಟ್ಟಿ ಮಾಡಿಕೊಟ್ಟರು. ಆ ಕಥೆಯಲ್ಲಿ ಹುಡುಗಿಯರೇ ಇಲ್ಲ, ಅದು ನನಗೂ ಬೇಜಾರು. ಆದರೂ ಕಥೆಯ ಹುಡುಗ ಜಿಮ್ ಸೇಬಿನ ಪೀಪಾಯಿಯೊಳಗೆ ಅಡಗಿ ಕೂತು ಕೇಳಿಸಿಕೊಳ್ಳುವ ಜಾಗಕ್ಕೆ ಬಂದಾಗ ನೀನೂ ಅವನ ಪಕ್ಕದಲ್ಲೇ ಇರ್ತೀಯ. ಹಳೇ ಕಾಲದ ಇಂಗ್ಲಿಷು, ಶುರುವಿನಲ್ಲಿ ತೊಡರುತ್ತೆ. ದಿನಕ್ಕೊಂದೇ ಅಧ್ಯಾಯ ಓದು.

ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ದಸರಾ ರಜೆಗೆ ನೀನು ಬಂದಾಗ ನಮ್ಮ ತೋಟದ ನಕ್ಷೆ ಬರೀಬೇಕಂತೆ. ಹಳ್ಳದಾಚೆ ಹಲಸಿನ ಮರದ ಬುಡದಲ್ಲಿ ಏನೇನು ಹೂತಿಡಬೇಕು ಅಂತ ಈಗಲೇ ಎಣಿಸ್ತಾ ಕೂತಿದ್ದಾರೆ. ಬಣ್ಣದ ಪೆನ್ಸಿಲ್ ಮರೀದೆ ತಾ.

ನಿನ್ನ ಅಮ್ಮ