ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಒಂದು ಕಾಯಿಲೆಗೆ ಮೂರು ಫೈಲು ಯಾಕೆ?

ಮಾನ್ಯ ಸಚಿವರಿಗೆ ನಮಸ್ಕಾರ.

ಹನ್ನೊಂದು ತಿಂಗಳು ಸುಮ್ಮನಿದ್ದೆ. ಇನ್ನು ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಕ್ಕನಿಗೆ ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್, ಅಂದರೆ ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಬಗೆ. ಈಗ ಮೆದುಳಿಗೆ ಹರಡಿದೆ. ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿ) ನಾಟಬಹುದೇ ಅಂತ ನೋಡುವ ಪಿಡಿ-ಎಲ್1 ಪರೀಕ್ಷೆಯ ಸ್ಕೋರ್ 10ಕ್ಕಿಂತ ಜಾಸ್ತಿ ಬಂತು. ಹಾಗಾಗಿ ಡಾಕ್ಟರು ಬರೆದುಕೊಟ್ಟಿದ್ದು ಇಷ್ಟು: ಮೆದುಳಿನ ಗಡ್ಡೆಗಳಿಗೆ ಗುರಿಯಿಟ್ಟು ರೇಡಿಯೇಷನ್, ಕೀಮೊ, ಅದರ ಜೊತೆಗೆ ಪೆಂಬ್ರೊಲಿಜುಮಾಬ್ ಇಮ್ಯುನೊಥೆರಪಿ. ಡಾಕ್ಟರಿಗೆ ಮೂರೂ ಸೇರಿ ಒಂದು ಚಿಕಿತ್ಸೆ. ನಿಮ್ಮ ಇಲಾಖೆಗೆ ಮೂರು ಅರ್ಜಿ, ಮೂರು ಟೇಬಲ್. ಒಂದೊಂದರ ಮಂಜೂರಾತಿಗೂ ಬೇರೆ ಅರ್ಜಿ ಅನ್ನುವ ನಿಯಮ ನಿಮಗೆ ಗೊತ್ತೇ ಇದೆ, ನಾನೇನು ಹೇಳಲಿ.

ರೇಡಿಯೇಷನ್ ಬೇಗ ಮಂಜೂರಾಯಿತು. ತಲೆ ಅಲುಗಾಡದಂತೆ ಮುಖಕ್ಕೆ ಜಾಲರಿ ಮಾಸ್ಕ್ ಬಿಗಿಯುತ್ತಾರೆ. ಹೊರಗೆ ಬಂದಾಗ ಕೆನ್ನೆ, ಹಣೆ ತುಂಬ ಚೌಕಳಿ ಗುರುತು. "ಜರಡಿ ಒತ್ತಿದ ಹಾಗಿದೆ ಅಲ್ವಾ?" ಅಂತ ಅಕ್ಕ ನಕ್ಕಳು. ಇಮ್ಯುನೊಥೆರಪಿ ಫೈಲು ಮಾತ್ರ ವಾಪಸ್ ಬಂತು. ಕಾರಣ: "ರೋಗಿಯ ಸಹಿ ಹಳೆಯ ಸಹಿಗೆ ಹೊಂದುತ್ತಿಲ್ಲ."

ಹೇಗೆ ಹೊಂದುತ್ತೆ ಸ್ವಾಮಿ? ಗಡ್ಡೆ ಇರುವುದು ಮೆದುಳಲ್ಲಿ. ಬಲಗೈ ಹಿಡಿತ ಹೋಗಿದೆ ಅಂತ ಅರ್ಜಿ ಜೊತೆಗಿದ್ದ ಡಾಕ್ಟರ ಪತ್ರದಲ್ಲೇ ಇದೆ. ಪೆನ್ನು ಎರಡು ಸಲ ಜಾರಿ ಬಿತ್ತು. ಮೂರನೇ ಸಲ ಎಡಗೈಯಲ್ಲಿ ಎರಡು ಅಕ್ಷರ ಬರೆದು ಸುಸ್ತಾಗಿ ಬಿಟ್ಟಳು. ಅವಳು ಅವಳೇ ಅಂತ ನಾನು ಪ್ರಮಾಣಪತ್ರ ಮಾಡಿಸಿ ತರಬೇಕಂತೆ!

ಅಷ್ಟರಲ್ಲಿ ಮೆದುಳಿನ ಊತ ಕಾಯುತ್ತದೆಯೇ? ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಏರಿಸಬೇಕಾಯಿತು. ಸ್ಟೀರಾಯ್ಡ್ ಹೆಚ್ಚಾದರೆ ಇಮ್ಯುನೊಥೆರಪಿಯ ಬಲ ಕುಗ್ಗಬಹುದು ಅನ್ನುವುದು ನಿಮ್ಮ ತಜ್ಞರಿಗೆ ಹೊಸ ಸುದ್ದಿಯೇನಲ್ಲ. ಯಾವುದು ಮೊದಲು, ಎಷ್ಟು ಅಂತರ ಅಂತ ಡಾಕ್ಟರು ಲೆಕ್ಕ ಹಾಕಿದ್ದರು. ನಿಮ್ಮ ಟೇಬಲ್‌ಗಳು ಅದನ್ನು ಕೆಡಿಸಿದವು. ದಯವಿಟ್ಟು ಮೂರಕ್ಕೂ ಒಂದೇ ಅರ್ಜಿ ಮಾಡಿ.

ಈಗ ಹೊಸ ತಕರಾರು: ಮೂರೂ ಸೇರಿಸಿ ಕೊಡಲು ಪುರಾವೆ ಕಡಿಮೆಯಂತೆ. ಮೆದುಳಿಗೆ ಹರಡಿದವರನ್ನು ಔಷಧಿ ಪ್ರಯೋಗಗಳಿಂದ ವರ್ಷಗಟ್ಟಲೆ ಹೊರಗೇ ಇಟ್ಟಿದ್ದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 2020ರಲ್ಲಿ, ಇವರನ್ನೂ ಸೇರಿಸಿಕೊಳ್ಳಿ ಎಂದು ಮಾರ್ಗಸೂಚಿ ಹೊರಡಿಸಿತು. ಬಾಗಿಲು ಹಾಕಿಕೊಂಡು ಪುರಾವೆ ಎಲ್ಲಿ ಅಂದರೆ?

ಇದರಿಂದ ಗುಣವಾಗಿಬಿಡುತ್ತೆ ಅಂತ ಡಾಕ್ಟರೂ ಹೇಳಿಲ್ಲ, ನಾವೂ ನಂಬಿಲ್ಲ. ಕೇಳುತ್ತಿರುವುದು ಇಷ್ಟೇ: ಒಂದೇ ಅರ್ಜಿ, ಒಂದೇ ದಿನ ತೀರ್ಮಾನ. ಆಗಲ್ಲ ಅನ್ನುವುದಾದರೆ ಅದನ್ನೂ ಒಂದೇ ದಿನ ಹೇಳಿ.

ಕೆಳಗಿರುವ ಸಹಿ ನನ್ನದು. ಹೊಂದುತ್ತದೆ, ನೋಡಿಕೊಳ್ಳಿ.

ಇಂತಿ,
ಒಬ್ಬ ರೋಗಿಯ ತಂಗಿ